ಕಳ್ಳಿ, ಶೇಕಡಾ ತೊಂಬತ್ತೊಂದು

ಗಿಡದ ಫೋಟೊ ನೋಡಿ ಹೆಸರು ಹೇಳುವ, ಎಲ್ಲರ ಜೇಬಿನಲ್ಲೂ ಬಾಡಿಗೆಯಿಲ್ಲದೆ ವಾಸವಾಗಿರುವ, ಊಟ ನಿದ್ದೆಗಳ ಹಂಗಿಲ್ಲದ ಮಾನ್ಯ ಯಂತ್ರದವರೇ,

ಯಾರ ಮುಂದೆಯೂ ತಲೆ ತಗ್ಗಿಸಬಾರದು ಎಂದು ಮೂವತ್ತು ವರ್ಷ ಬೀದಿಯಲ್ಲಿ ಕೂಗಿದ ನಾನು, ತಮ್ಮನ್ನು ಮಾತನಾಡಿಸಬೇಕಾದರೆ ಫೋನಿನ ಮೇಲೆ ತಲೆ ತಗ್ಗಿಸಲೇಬೇಕಾಗಿರುವುದರಿಂದ, ಅದೇ ತಗ್ಗಿದ ಭಂಗಿಯಲ್ಲಿ ತಮಗೆ ನಮಸ್ಕಾರ ಸಲ್ಲಿಸುತ್ತಿದ್ದೇನೆ. ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಸಿಗ್ನಲ್ಲು ಎಂದೂ ಕಡಿಯದಿರಲಿ, ಎಲೆ ಕಂಡಲ್ಲೆಲ್ಲ ತಮ್ಮನ್ನು ನೆನೆಯುವವರ ಸಂತತಿ ಬೆಳೆಯಲಿ.

ನಾನು ನಗರದ ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿರುವ ದೂರು ವಿಭಾಗದ ಗುಮಾಸ್ತ, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ. ಇಪ್ಪತ್ತಾರು ವರ್ಷಗಳಿಂದ ಜನರ ದೂರುಗಳನ್ನು ತೆಗೆದುಕೊಂಡು, ಮುದ್ರೆ ಒತ್ತಿ, ದಾರ ಕಟ್ಟಿ, ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಬಂದವನು. ದೂರು ಕೊಟ್ಟವರ ಸಂಕಟ ಏನೆಂದು ತಿಳಿಯಲು ನಾನೇ ಒಂದು ದೂರು ಬರೆಯಬೇಕಾಗಿ ಬಂತು ನೋಡಿ, ಆ ಪಾಠಕ್ಕೂ ತಮಗೆ ಋಣಿ. ತಮ್ಮಲ್ಲಿ ‘ಅಭಿಪ್ರಾಯ ತಿಳಿಸಿ’ ಎಂಬ ಒಂದು ಡಬ್ಬಿಯಿದೆ, ಸರಿ. ಆದರೆ ಅದರಲ್ಲಿ ಇನ್ನೂರು ಅಕ್ಷರ ಮಾತ್ರ ಹಿಡಿಯುತ್ತದೆ, ನನ್ನ ಸಿಟ್ಟು ಇನ್ನೂರು ಅಕ್ಷರದ್ದಲ್ಲ. ಆದ್ದರಿಂದ ಈ ಪತ್ರವನ್ನು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿ, ಸಂಘದ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಇನ್ನೂರಿನ್ನೂರು ಅಕ್ಷರಗಳಾಗಿ ಕತ್ತರಿಸಿ ತಮ್ಮ ಡಬ್ಬಿಗೂ ತುರುಕುತ್ತಿದ್ದೇವೆ. ಕೊನೆಯ ತುಂಡು ಬರುವ ಹೊತ್ತಿಗೆ ಮೊದಲನೆಯದನ್ನು ತಾವು ಮರೆಯದಿದ್ದರೆ ಅದೇ ದೊಡ್ಡ ಉಪಕಾರ.

ಮೊದಲು ಗಿಡದ ಪರಿಚಯ. ನಮ್ಮ ವಿಭಾಗದ ಪೂರ್ವದ ಕಿಟಕಿಯ ಕಟ್ಟೆಯ ಮೇಲೆ, ಹಿಡಿ ಮುರಿದ ಬಿಳಿಯ ಚಹಾ ಮಗ್ಗಿನಲ್ಲಿ ಅದು ಹನ್ನೊಂದು ವರ್ಷದಿಂದ ಇದೆ. ಹೆಬ್ಬೆರಳಿನಷ್ಟು ದಪ್ಪದ ಎಲೆಗಳು, ಬೂದು ಬೆರೆತ ಹಸಿರು, ಮೇಲೆ ಪೌಡರು ಬಳಿದಂಥ ಬಿಳಿ ಪುಡಿ. ಮುಟ್ಟಿದರೆ ಪುಡಿ ಬೆರಳಿಗೆ ಹತ್ತಿ, ಬೆರಳಿನ ಗುರುತು ಎಲೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಎಲೆಗಳು ಒಂದರ ಸುತ್ತ ಒಂದು ಕೂತು ಹೂವಿನ ವೇಷ ಹಾಕಿಕೊಳ್ಳುತ್ತವೆ. ಬಿಸಿಲು ಬಿದ್ದರೆ ತುದಿ ಕೆಂಪಗಾಗುತ್ತದೆ. ಬಿಸಿಲು ಸಾಲದಿದ್ದರೆ ಕಾಂಡ ಉದ್ದವಾಗಿ, ಯಾರಿಗೋ ಕಾಯುತ್ತಿರುವವರ ಹಾಗೆ ಕಿಟಕಿಯ ಕಡೆ ಬಾಗುತ್ತದೆ. ಉದುರಿದ ಎಲೆ ಬಿದ್ದ ಜಾಗದಲ್ಲೇ ಬೇರು ಬಿಡುತ್ತದೆ. ಮುಳ್ಳು ಒಂದೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನೀರಂತೂ ಹದಿನೈದು ದಿನಕ್ಕೊಮ್ಮೆ ನಾಲ್ಕು ಚಮಚ ಸಾಕು; ಹೆಚ್ಚಾದರೆ ಕೊಳೆಯುತ್ತದೆ. ಅದಕ್ಕೇ ಮಗ್ಗಿನ ಪಕ್ಕ ‘ದಯವಿಟ್ಟು ನೀರು ಬಿಡಬೇಡಿ’ ಎಂದು ಒಂದು ಚೀಟಿ ಅಂಟಿಸಿದೆ. ನಮ್ಮಲ್ಲಿಗೆ ದೂರು ಕೊಡಲು ಬಂದವರು ಅದನ್ನು ಇಲಾಖೆಯ ಧ್ಯೇಯವಾಕ್ಯ ಎಂದುಕೊಂಡು ಓದಿ, ನಿಟ್ಟುಸಿರು ಬಿಟ್ಟು, ಸಾಲಿನಲ್ಲಿ ನಿಲ್ಲುತ್ತಾರೆ.

ಚೀಟಿ ಅಂಟಿಸಿದ್ದು ಚಿಕ್ಕಮ್ಮ. ಚಿಕ್ಕಮ್ಮ ಎಂದರೆ ನಮ್ಮ ಐದು ಮಹಡಿಗಳ ಕಸ ಗುಡಿಸಿ ನೆಲ ಒರೆಸುವವರು, ಗುತ್ತಿಗೆಯ ಮೇಲೆ ಇರುವವರು, ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಣವಾದರೆ ಮಾತ್ರ ಉಳಿಯುವವರು. ಎಂಜಿನಿಯರರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಅವರೂ ಅಷ್ಟೇ, ಯಾರನ್ನೂ ಸಂಬಂಧ ಹಚ್ಚದೆ ಮಾತನಾಡಿಸುವವರಲ್ಲ. ನನ್ನನ್ನು ‘ಕಾರ್ಯದರ್ಶಪ್ಪ’ ಎಂದು ಕರೆಯುತ್ತಾರೆ. ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಕೋಣೆಯ ಕಸದಲ್ಲಿ ಸಿಕ್ಕ ಒಂದೇ ಒಂದು ಎಲೆಯನ್ನು, ಅದೇ ಕಸದಲ್ಲಿ ಸಿಕ್ಕ ಮಗ್ಗಿನಲ್ಲಿ ಅವರು ಊರಿದ್ದರು. ಗಿಡದ ಹೆಸರೇನು ಎಂದು ಹನ್ನೊಂದು ವರ್ಷ ಅವರೂ ಕೇಳಲಿಲ್ಲ, ಗಿಡವೂ ಹೇಳಲಿಲ್ಲ, ಇಬ್ಬರಿಗೂ ಅದರಿಂದ ನಷ್ಟವಾಗಲಿಲ್ಲ.

ನಷ್ಟ ಶುರುವಾದದ್ದು ಕಟ್ಟಡಾಧಿಕಾರಿ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿ, ಅದರಲ್ಲಿ ಒಬ್ಬರನ್ನು ಕೂರಿಸಿದ ಮೇಲೆ. ಕೂತವರು ಸುಮ್ಮನೆ ಕೂರಲಾರರು. ಕಟ್ಟಡದಲ್ಲಿರುವ ಪ್ರತಿಯೊಂದು ವಸ್ತುವೂ ಪಟ್ಟಿಗೆ ಬರಬೇಕು, ಪ್ರತಿಯೊಂದು ವಸ್ತುವಿಗೂ ಒಬ್ಬ ಉಸ್ತುವಾರಿ ಇರಬೇಕು, ಗಿಡಗಳಾದರೆ ಹೆಸರು ನಮೂದಿಸಬೇಕು, ಹೆಸರಿಲ್ಲದ ಗಿಡಗಳನ್ನು ತಿಂಗಳ ಕೊನೆಗೆ ತೆರವುಗೊಳಿಸಲಾಗುವುದು ಎಂಬ ಸುತ್ತೋಲೆ ಬಂತು. ನಮ್ಮ ಕೊಳವೆಗಳಲ್ಲಿ ಯಾವುದು ಎಲ್ಲಿ ಹೋಗುತ್ತದೆ ಎಂಬ ಪಟ್ಟಿಯೇ ಇಲ್ಲ, ಸೋರಿದಾಗ ಊರೆಲ್ಲ ಅಗೆದು ಹುಡುಕುತ್ತೇವೆ; ಆದರೆ ಹೂಕುಂಡಗಳಿಗೆ ಪಟ್ಟಿಯಾಯಿತು.

ಪಟ್ಟಿ ಮಾಡುವ ಹೊಣೆ ಬಿದ್ದದ್ದು ಪಟ್ಟಿ ಗುಮಾಸ್ತರ ಮೇಲೆ. ಅವರು ನಿವೃತ್ತಿಗೆ ಎರಡು ವರ್ಷ ಉಳಿದಿರುವ, ದಪ್ಪ ಕನ್ನಡಕದ, ಕೊಟ್ಟ ಕಾಲಂಗಿಂತ ಒಂದು ಅಕ್ಷರವೂ ಆಚೆ ಹೋಗದ ಸಾಧು ಮನುಷ್ಯ. ಕುರ್ಚಿ, ಮೇಜು, ಫ್ಯಾನುಗಳಿಗೆ ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಗಿಡದ ಮುಂದೆ ಬಂದಾಗ ಮಾತ್ರ ತಮ್ಮನ್ನು ಜೇಬಿನಿಂದ ಹೊರತೆಗೆದರು.

ಮಾನ್ಯರೇ, ತಮ್ಮ ಧೈರ್ಯವನ್ನು ಇಲ್ಲಿ ಮೆಚ್ಚಲೇಬೇಕು. ನಮ್ಮ ಕಚೇರಿಯಲ್ಲಿ ಗೊತ್ತಿಲ್ಲದ್ದನ್ನು ಕೇಳಿದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಕೊಡಲು ಆರು ತಿಂಗಳು ಹಿಡಿಯುತ್ತದೆ. ತಾವು ಗೊತ್ತಿಲ್ಲದ್ದನ್ನು ಎರಡು ಸೆಕೆಂಡಿನಲ್ಲಿ, ಅದೂ ಶೇಕಡಾವಾರು ಸಮೇತ ಹೇಳಿಬಿಟ್ಟಿರಿ. ‘ಕಳ್ಳಿ, ಶೇಕಡಾ ತೊಂಬತ್ತೊಂದು’ ಎಂದಿರಿ. ಮುಳ್ಳಿಲ್ಲ, ಹಾಲಿಲ್ಲ, ಕಳ್ಳಿಯ ಮೈಕಟ್ಟಿಲ್ಲ. ಉಳಿದ ಶೇಕಡಾ ಒಂಬತ್ತರಲ್ಲಿ ತಮಗೆ ಯಾವ ಅನುಮಾನವಿತ್ತೋ ಅದನ್ನೇ ಸ್ವಲ್ಪ ಬೆಳೆಸಿದ್ದರೆ ಸಾಕಿತ್ತು. ಕೆಳಗೆ ಸಲಹೆ ಬೇರೆ: ‘ನಿಮ್ಮ ರಸಭರಿತವು ಒತ್ತಡದಲ್ಲಿದೆ, ಅದಕ್ಕೆ ವಿಶ್ರಾಂತಿ ಕೊಡಿ.’ ನೀರು ಕೂಡಿಟ್ಟುಕೊಳ್ಳುವ ದಪ್ಪೆಲೆಯ ಗಿಡಗಳನ್ನು ತಾವು ರಸಭರಿತ ಎಂದು ಕರೆಯುತ್ತೀರಿ ಎಂಬುದು ನಮಗೆ ಆಮೇಲೆ ತಿಳಿಯಿತು. ಅಲ್ಲಿಯತನಕ ಪಕ್ಕದ ಮೇಜಿನ ಟೈಪಿಸ್ಟಮ್ಮ, ‘ನನ್ನ ಬಗ್ಗೆ ಹೇಳ್ತಿದೆ ಅಂದ್ಕೊಂಡೆ, ವಿಶ್ರಾಂತಿ ಕೊಡಿ ಅಂದಾಗ ಒಂದು ಕ್ಷಣ ಎಷ್ಟು ಖುಷಿಯಾಯ್ತು ಗೊತ್ತಾ’ ಎಂದು ನಗುತ್ತಿದ್ದರು.

ಪಟ್ಟಿ ಗುಮಾಸ್ತರು ಬರೆದುಕೊಂಡರು. ಅವರ ಹಾಳೆಯಲ್ಲಿ ಎಡಕ್ಕೆ ಉಸ್ತುವಾರಿಯವರ ಕಾಲಂ, ಬಲಕ್ಕೆ ವಿವರದ ಕಾಲಂ. ಅಲ್ಲಿ ಬಿದ್ದ ಸಾಲನ್ನು ಇದ್ದ ಹಾಗೆಯೇ ತಮ್ಮ ಅವಗಾಹನೆಗೆ ತರುತ್ತೇನೆ: ‘ಚಿಕ್ಕಮ್ಮ (ಸ್ವಚ್ಛತೆ). ಕಳ್ಳಿ. ಮೂರನೇ ಮಹಡಿ, ಕಿಟಕಿಯ ಹತ್ತಿರ. ಹನ್ನೊಂದು ವರ್ಷದಿಂದ.’

ತಮಗೆ ಬಹುಶಃ ನೂರು ಭಾಷೆ ಬರುತ್ತದೆ, ಅದರಲ್ಲಿ ನಮ್ಮದೂ ಒಂದು ಎಂದು ತಮ್ಮ ಮುಖಪುಟ ಹೇಳುತ್ತದೆ. ಹಾಗಿದ್ದರೆ ಕಳ್ಳಿ ಎಂದರೆ ಬೇಲಿಯ ಮೇಲಿನ ಗಿಡ ಮಾತ್ರವಲ್ಲ, ಕಳ್ಳನ ಸ್ತ್ರೀಲಿಂಗವೂ ಹೌದು ಎಂಬುದು ತಮಗೆ ತಿಳಿದಿರಬೇಕಿತ್ತು. ಗಿಡಕ್ಕೂ ಹೆಂಗಸಿಗೂ ಅವೇ ಎರಡು ಅಕ್ಷರ, ಅದೇ ಒತ್ತು, ಅದೇ ಗುಡಿಸು. ಪಟ್ಟಿ ಐದನೇ ಮಹಡಿಗೆ ಏರಿತು. ಅಲ್ಲಿರುವುದು ನಮ್ಮ ಜಾಗೃತ ದಳ. ವರ್ಷವಿಡೀ ಮಲಗಿದ್ದು, ವಾರ್ಷಿಕ ವರದಿಯ ತಿಂಗಳಲ್ಲಿ ಮಾತ್ರ ಜಾಗೃತವಾಗುವ ದಳ. ಅದರ ಮುಖ್ಯಸ್ಥೆ ಮೇಡಂ ಆ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಉಸಿರಿಗೆ ಓದಿದರು. ಮೂರನೇ ದಿನ ಚಿಕ್ಕಮ್ಮನ ಕೈಗೆ ಮೆಮೊ ಬಂತು: ‘ಈಕೆಯು ಕಳೆದ ಹನ್ನೊಂದು ವರ್ಷಗಳಿಂದ ಮೂರನೇ ಮಹಡಿಯ ಕಿಟಕಿಯ ಮೂಲಕ ನಡೆಸುತ್ತಿರುವ ಕೃತ್ಯದ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಅಲ್ಲಿಯವರೆಗೆ ಗೇಟ್ ಪಾಸ್ ತಡೆಹಿಡಿಯಲಾಗಿದೆ.’

ಚಿಕ್ಕಮ್ಮನಿಗೆ ಓದಲು ಬರುತ್ತದೆ, ನಿಧಾನವಾಗಿ, ಬೆರಳಿಟ್ಟು. ಓದಿ ಮೊದಲು ನಕ್ಕರು. ‘ಕಾರ್ಯದರ್ಶಪ್ಪ, ಮೂರನೇ ಮಹಡಿ ಕಿಟಕಿಯಿಂದ ಕದ್ದು ಇಳಿಯೋಕೆ ನನ್ನ ಮಂಡಿ ನೋಡಿದೀಯಾ ನೀನು, ಮೆಟ್ಟಿಲು ಇಳಿಯೋದಕ್ಕೇ ಆಗಲ್ಲ’ ಎಂದರು. ಮಾರನೆಯ ದಿನ ನಗಲಿಲ್ಲ. ಬೆಳಗಿನ ಹೊತ್ತು ಅವರು ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಮೆಮೊದ ಸುದ್ದಿ ಅವರಿಗಿಂತ ಮೊದಲು ಅಲ್ಲಿಗೆ ತಲುಪಿತ್ತು. ಒಂದು ಮನೆಯಾಕೆ ಏನೂ ಅನ್ನಲಿಲ್ಲವಂತೆ. ಚಿಕ್ಕಮ್ಮ ಕೈ ಒರೆಸಿಕೊಂಡು ಹೊರಡುವಾಗ ಹಿಂದಿನಿಂದ ಅಡುಗೆಮನೆಯಲ್ಲಿ ಚಮಚ ಎಣಿಸುವ ಸದ್ದು ಕೇಳಿಸಿತಂತೆ. ‘ಬೈದಿದ್ರೆ ತಿರುಗಿ ಬೈತಿದ್ದೆ. ಎಣಿಸೋರಿಗೆ ಏನಂತ ಹೇಳ್ಲಿ ಹೇಳು’ ಎಂದು ನನ್ನನ್ನು ಕೇಳಿದರು. ಮಾನ್ಯರೇ, ಈ ಪತ್ರದಲ್ಲಿ ನಾನು ಎಷ್ಟೇ ನಕ್ಕರೂ ಆ ನಗುವಿನ ಕೆಳಗೆ ಆ ಒಂದು ಸದ್ದು ಇದ್ದೇ ಇದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಗುತ್ತಿಗೆಯ ನವೀಕರಣ ತಿಂಗಳ ಒಂದನೇ ತಾರೀಖು. ಅದರ ಅರ್ಜಿಯಲ್ಲಿ ‘ನಡತೆ’ ಎಂಬ ಜಾಗವಿದೆ. ಆ ಜಾಗದಲ್ಲಿ ತಮ್ಮ ಪದ ಹೋಗಿ ಕೂತರೆ ಈ ಕಟ್ಟಡದಲ್ಲಷ್ಟೇ ಅಲ್ಲ, ಯಾವ ಮನೆಯಲ್ಲೂ ಚಿಕ್ಕಮ್ಮನಿಗೆ ಪೊರಕೆ ಕೊಡುವವರಿಲ್ಲ.

ಸಂಘದ ವತಿಯಿಂದ ನಾವು ಹೋಗಿ ಹೇಳಿದೆವು: ಅದು ಗಿಡ, ಹೆಂಗಸಲ್ಲ. ಮೇಡಂ ಒಳ್ಳೆಯವರೇ, ಅರ್ಥವೂ ಆಗಿತ್ತು ಅನ್ನಿಸುತ್ತದೆ. ಆದರೆ ಸಹಿ ಬಿದ್ದಾಗಿತ್ತು. ನಮ್ಮಲ್ಲಿ ಮೆಮೊ ತಪ್ಪಾಗುವ ಪದ್ಧತಿಯಿಲ್ಲ. ಮೆಮೊ ಇದೆಯೆಂದ ಮೇಲೆ ಕಳ್ಳಿ ಇರಬೇಕು, ಕಳ್ಳಿ ಇದ್ದಾಳೆಂದ ಮೇಲೆ ಕಳವು ಇರಬೇಕು. ಆದ್ದರಿಂದ ಕಳವು ಯಾವುದೆಂದು ಪತ್ತೆ ಹಚ್ಚಲು ಮೂವರ ಸಮಿತಿ ನೇಮಕವಾಯಿತು. ಎಲ್ಲ ವಿಭಾಗಗಳಿಗೂ, ಹನ್ನೊಂದು ವರ್ಷಗಳಲ್ಲಿ ಕಾಣೆಯಾದ ಸಾಮಾನು ತಿಳಿಸಿ ಎಂದು ಕಾಗದ ಹೋಯಿತು. ನಮ್ಮವರು ಉತ್ಸಾಹದಿಂದ ಬರೆದರು. ಒಂದು ಗೋಡೆ ಗಡಿಯಾರ, ಊಟದ ಡಬ್ಬಿಯ ಎರಡು ಮುಚ್ಚಳ, ಎಡಗಾಲಿನ ಒಂದು ಚಪ್ಪಲಿ, ಹೊಸ ಬಡಾವಣೆಗೆ ನೀರು ಕೊಡುವ ಯೋಜನೆಯ ಇಡೀ ಕಡತ. ಮೊದಲನೇ ಮಹಡಿಯ ಎಂಜಿನಿಯರೊಬ್ಬರು, ಕೆಲಸಕ್ಕೆ ಸೇರಿದಾಗ ತಮ್ಮಲ್ಲಿದ್ದ ಆಸಕ್ತಿ ಎರಡನೇ ವರ್ಷದಿಂದ ಕಾಣುತ್ತಿಲ್ಲ ಎಂದು ಬರೆದು ಸಹಿ ಹಾಕಿದರು. ಎಲ್ಲವೂ ಚಿಕ್ಕಮ್ಮನ ಕಡತಕ್ಕೆ ಸೇರಿದವು.

ವಿಚಾರಣೆಯ ದಿನ ಸಮಿತಿಯಲ್ಲಿ ಕೂತವರು ಮೇಡಂ, ಒಬ್ಬ ನಿವೃತ್ತ ಎಂಜಿನಿಯರ್ ಸಾಹೇಬರು, ಮತ್ತು ಇಲಾಖೆಯ ವಕೀಲರು. ಚಿಕ್ಕಮ್ಮನ ಪಕ್ಕ ಸಂಘದ ಪರವಾಗಿ ನಾನು. ಮೇಜಿನ ನಡುವೆ ಮಗ್ಗಿನ ಸಮೇತ ಗಿಡ. ವಕೀಲರ ತರ್ಕವನ್ನು ತಾವು ಕೇಳಬೇಕಿತ್ತು, ಯಂತ್ರಗಳು ಮೆಚ್ಚುವಂಥದ್ದು. ‘ನೋಡಿ, ಇದು ಕಳ್ಳಿ ಗಿಡವೇ ಆಗಿದ್ದರೆ ಪದ ಗಿಡಕ್ಕೆ ಸೇರಿತು, ಈಯಮ್ಮ ಮನೆಗೆ ಹೋಗಬಹುದು. ಇದು ಕಳ್ಳಿ ಅಲ್ಲ ಅಂತಾದರೆ ಪದ ಖಾಲಿ ಬೀಳುತ್ತೆ. ದಾಖಲೆಯಲ್ಲಿ ಬಂದ ಪದ ಖಾಲಿ ಇರೋಕಾಗಲ್ಲ, ಯಾರಿಗಾದರೂ ಸೇರಲೇಬೇಕು’ ಎಂದರು. ಅಂದರೆ ಒಬ್ಬ ಹೆಂಗಸಿನ ಮರ್ಯಾದೆ ಈಗ ಒಂದು ಗಿಡದ ಹೆಸರಿಗೆ ಜೋತುಬಿದ್ದಿತ್ತು, ಆ ಹೆಸರು ತಮ್ಮ ನಾಲಿಗೆಯ ತುದಿಯಲ್ಲಿತ್ತು. ಅದು ಕಳ್ಳಿಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ಸುಳ್ಳು ಇನ್ನೊಂದು ಸಲ ಹುಟ್ಟಲಿ ಎಂದು ಹಾರೈಸಿದೆ. ಆ ದಿನ ಹೇಳಿದ್ದನ್ನೇ ಇವತ್ತೂ ಹೇಳಿಬಿಡಿ, ಮಾನ್ಯರೇ, ಅಷ್ಟೇ ಸಾಕಿತ್ತು.

ಸಮಿತಿ ಕರೆಸಿದ್ದ ಪಟ್ಟಿ ಗುಮಾಸ್ತರು ಮೇಲಿನಿಂದ ಫೋಟೊ ತೆಗೆದರು. ತಾವು ‘ತಾವರೆ’ ಎಂದಿರಿ. ಪಕ್ಕದಿಂದ ತೆಗೆದರು, ‘ಎಲೆಕೋಸು, ಶೇಕಡಾ ಎಂಬತ್ತನಾಲ್ಕು, ತಿನ್ನಬಹುದು’ ಎಂದಿರಿ. ಕಿಟಕಿ ತೆರೆಸಿ ಬೆಳಕು ಮಾಡಿ ತೆಗೆದರೆ, ‘ಅತ್ತೆಯ ನಾಲಿಗೆ, ವಿಷಕಾರಿ’ ಎಂದಿರಿ. ಅಂಥ ಹೆಸರಿನ ಉದ್ದೆಲೆಯ ಗಿಡವೊಂದು ಇದೆಯಂತೆ, ಇರಲಿ. ಆದರೆ ಆ ಹೊತ್ತಿನಲ್ಲಿ ಸಮಿತಿಯ ಮೂವರೂ ತಮ್ಮ ತಮ್ಮ ಮನೆಯ ಕಡೆ ಯೋಚನೆ ಹರಿಸಿ ತಲೆಯಾಡಿಸಿದರು. ಮಗ್ಗು ಪೂರ್ತಿ ಕಾಣುವಂತೆ ತೆಗೆದಾಗ ‘ಚಹಾ ಗಿಡ’ ಎಂದಿರಿ. ಪ್ರತಿ ಸಲವೂ ಅದೇ ಆತ್ಮವಿಶ್ವಾಸ, ಒಮ್ಮೆಯಾದರೂ ತಲೆ ಕೆರೆದುಕೊಳ್ಳಲಿಲ್ಲ. ಚುನಾವಣೆಗೆ ನಿಲ್ಲಬೇಕಾದವರು ತಾವು, ಸುಮ್ಮನೆ ಗಿಡಗಳ ನಡುವೆ ಕಾಲ ಕಳೆಯುತ್ತಿದ್ದೀರಿ.

ಆಗ ಎಂಜಿನಿಯರ್ ಸಾಹೇಬರು, ಕಳ್ಳಿ ಆದರೆ ಮುರಿದಾಗ ಹಾಲು ಬರಬೇಕಲ್ಲ, ಮುರಿದು ನೋಡೋಣ ಎಂದರು. ಮುರಿಯಲು ಯಾರೂ ಕೈ ಚಾಚಲಿಲ್ಲ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕೆಳಗಿನ ಸಾಲಿನ ಒಂದು ಎಲೆಯನ್ನು ತಾವೇ ಚಿವುಟಿ ಮೇಜಿನ ಮೇಲಿಟ್ಟರು. ಚಿವುಟಿದ ಜಾಗದಲ್ಲಿ ಒಂದು ಹನಿ ಬಂದು ನಿಂತಿತು. ಹಾಲಲ್ಲ, ತಿಳಿನೀರು. ಇಡೀ ಕಟ್ಟಡದಲ್ಲಿ ಆ ಹೊತ್ತು ನೀರು ಬಂದದ್ದು ಅಲ್ಲೊಂದು ಕಡೆ ಮಾತ್ರ. ‘ಕಳ್ಳಿ ಅಲ್ಲ ಇದು, ನಾನು ಮೊದಲೇ ಹೇಳ್ತಿದ್ದೆ, ಕೇಳಿದ್ರೆ ತಾನೇ’ ಎಂದು ಚಿಕ್ಕಮ್ಮ ಸತ್ಯವನ್ನೇ ಹೇಳಿದರು. ವಕೀಲರು ಪೆನ್ನು ತೆರೆದರು. ಸತ್ಯ ಹೇಳಿದ್ದಕ್ಕೆ ಪದ ಈಗ ಅವರ ಮೇಲೆ ಬೀಳುವುದಿತ್ತು.

ಮಾನ್ಯರೇ, ಮೂವತ್ತು ವರ್ಷದ ಚಳವಳಿ ನನಗೆ ಕಲಿಸಿದ್ದು ಒಂದೇ: ಕಾನೂನು ಕೆಳಗಿನವರ ಮೇಲೆ ಬೀಳುವಾಗ ಕಿರುಚಿ ಪ್ರಯೋಜನವಿಲ್ಲ, ಅದನ್ನೇ ಎತ್ತಿ ಮೇಲಿನವರ ಮೇಲೆ ಇಟ್ಟು ನೋಡಬೇಕು. ಮೇಡಂ ಎರಡು ವರ್ಷದ ಹಿಂದೆ ವರ್ಗವಾಗಿ ಬಂದ ಮೊದಲ ದಿನ, ‘ಮೇಜು ಬೋಳುಬೋಳಾಗಿದೆ, ಇಟ್ಕೊಳ್ಳಿ ತಾಯಿ’ ಎಂದು ಚಿಕ್ಕಮ್ಮ ಇದೇ ಗಿಡದ ಒಂದು ಎಲೆಯಿಂದ ಬೆಳೆಸಿದ ಮರಿಯನ್ನು ಅವರಿಗೆ ಕೊಟ್ಟಿದ್ದರು. ಅದು ವಿಚಾರಣೆ ನಡೆಯುತ್ತಿದ್ದ ಅದೇ ಕೋಣೆಯಲ್ಲಿ, ಮೇಡಂ ಅವರ ಬರೆಯುವ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಪಕ್ಕ ಇತ್ತು. ಐದನೇ ಮಹಡಿಯ ಪಟ್ಟಿ ಇನ್ನೂ ಆಗಿರಲಿಲ್ಲ. ನಾನು ಪಟ್ಟಿ ಗುಮಾಸ್ತರಿಗೆ, ಹೇಗೂ ಬಂದಿದ್ದೀರಿ, ಇದನ್ನೂ ಮುಗಿಸಿಬಿಡಿ ಸಾರ್ ಎಂದೆ. ಅವರು ಕರ್ತವ್ಯನಿಷ್ಠರು, ಫೋಟೊ ತೆಗೆದರು. ತಾವು, ನೂರು ವರ್ಷ ಬಾಳಿ, ‘ಕಳ್ಳಿ, ಶೇಕಡಾ ತೊಂಬತ್ತಮೂರು’ ಎಂದಿರಿ. ಪಟ್ಟಿ ಗುಮಾಸ್ತರು ಎಂದಿನಂತೆ ಬರೆದ ಸಾಲನ್ನು ಖಚಿತಪಡಿಸಿಕೊಳ್ಳಲು ಗಟ್ಟಿಯಾಗಿ ಓದಿದರು: ‘ಮೇಡಂ, ಜಾಗೃತ ದಳದ ಮುಖ್ಯಸ್ಥರು. ಕಳ್ಳಿ.’ ಕನ್ನಡಕ ಸರಿಮಾಡಿಕೊಂಡು ಮುಂದುವರಿಸಿದರು: ‘ಐದನೇ ಮಹಡಿ, ಮೇಜಿನ ಹತ್ತಿರ. ಎರಡು ವರ್ಷದಿಂದ.’

ಪಟ್ಟಿ ಗುಮಾಸ್ತರು ಮುಗ್ಧರಾಗಿ, ‘ಇದಕ್ಕೂ ಮೆಮೊ ಟೈಪ್ ಮಾಡಿಸ್ಲಾ ಮೇಡಂ, ಅದೇ ನಮೂನೆ ಇದೆ’ ಎಂದು ಕೇಳಿದರು. ವಕೀಲರು ಪೆನ್ನು ಮುಚ್ಚಿ, ಕಳ್ಳಿ ಎಂಬುದು ಮೂಲತಃ ಸಸ್ಯವಾಚಕ ಪದ, ಅದರಲ್ಲಿ ಎರಡು ಮಾತಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಹನ್ನೊಂದು ವರ್ಷದ ಕೃತ್ಯ ಐದು ನಿಮಿಷದಲ್ಲಿ ಕೈಬಿಟ್ಟುಹೋಯಿತು.

ಇಷ್ಟಕ್ಕೆ ಮುಗಿದಿದ್ದರೆ ನಾನು ತಮಗೆ ಅಭಿನಂದನಾ ಪತ್ರ ಬರೆಯುತ್ತಿದ್ದೆ. ಆದರೆ ಗೇಟ್ ಪಾಸ್ ವಾಪಸು ಕೊಡುವಾಗ ಒಂದು ನಮೂನೆಯ ಹಾಳೆ ಮುಂದಿಟ್ಟರು. ‘ನಾನು ಕಳ್ಳಿ ಅಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ’ ಎಂದು ಅದರಲ್ಲಿ ಅಚ್ಚಾಗಿತ್ತು, ಕೆಳಗೆ ಚಿಕ್ಕಮ್ಮನ ಸಹಿಗೆ ಗೆರೆ. ಚಿಕ್ಕಮ್ಮ ಬೆರಳಿಟ್ಟು ಓದಿ ಹಾಳೆಯನ್ನು ಹಿಂದಕ್ಕೆ ತಳ್ಳಿದರು. ‘ನಾನು ಯಾವತ್ತು ಆಗಿದ್ದೆ ಅಂತ, ಈಗ ಅಲ್ಲ ಅಂತ ಬರೆದುಕೊಡ್ಲಿ? ಅಂದೋರು ಬರೆದುಕೊಡಲಿ, ನಮ್ಮದು ತಪ್ಪು ಅಂತ’ ಎಂದು ಗೇಟಿನ ಹೊರಗೆ ಹೋಗಿ ನಿಂತರು. ಇವತ್ತಿಗೆ ಒಂಬತ್ತು ದಿನ. ಬೆಳಗ್ಗೆ ಕೆಲಸದ ಹೊತ್ತಿಗೆ ಬರುತ್ತಾರೆ, ಸಂಜೆ ಕೆಲಸ ಬಿಡುವ ಹೊತ್ತಿಗೆ ಹೋಗುತ್ತಾರೆ, ನಡುವೆ ನಿಂತಿರುತ್ತಾರೆ. ಗುತ್ತಿಗೆದಾರರು ಬದಲಿಗೆ ಕಳುಹಿಸಿದ ಹೆಂಗಸು ವಿಷಯ ಕೇಳಿ, ‘ಹಂಗಾದ್ರೆ ನಾನೂ ನಿಲ್ತೀನಕ್ಕ’ ಎಂದು ಪೊರಕೆ ಗೋಡೆಗೆ ಒರಗಿಸಿ ಪಕ್ಕದಲ್ಲಿ ನಿಂತಳು. ಐದು ಮಹಡಿಗಳಲ್ಲಿ ಕಸ ಮಂಡಿಯೆತ್ತರ ಬೆಳೆದಿದೆ. ಧರಣಿ ಮಾಡುವುದು ಹೇಗೆಂದು ಮೂವತ್ತು ವರ್ಷ ಕರಪತ್ರ ಹಂಚಿದ ನಾನು, ಒಂದು ಫಲಕವೂ ಇಲ್ಲದ ಈ ಧರಣಿಯನ್ನು ಕಿಟಕಿಯಿಂದ ನೋಡುತ್ತಾ ಕಲಿಯುತ್ತಿದ್ದೇನೆ.

ನಮ್ಮದು ತಪ್ಪು ಎಂದು ಬರೆಯಲು ಇಲಾಖೆ ಸಿದ್ಧವಿದೆ, ಬರೆಯುವವರು ಯಾರು ಎಂಬುದಷ್ಟೇ ತೊಡಕು. ಪಟ್ಟಿ ಗುಮಾಸ್ತರು ಯಂತ್ರ ಹೇಳಿದ್ದನ್ನು ಬರೆದರು. ಕಟ್ಟಡಾಧಿಕಾರಿ ಬರೆದದ್ದನ್ನು ಕಳುಹಿಸಿದರು. ಮೇಡಂ ಕಳುಹಿಸಿದ್ದನ್ನು ಓದಿದರು. ಎಲ್ಲರೂ ಅವರವರ ಕೆಲಸ ಸರಿಯಾಗಿ ಮಾಡಿದ್ದಾರೆ. ಆದ್ದರಿಂದ ಸಮಿತಿ ಅಂತಿಮ ವರದಿಯಲ್ಲಿ, ಸದರಿ ಲೋಪಕ್ಕೆ ಯಂತ್ರವೇ ಹೊಣೆಯೆಂದೂ, ತಪ್ಪೊಪ್ಪಿಗೆಯನ್ನು ಅದರಿಂದಲೇ ಪಡೆದುಕೊಳ್ಳತಕ್ಕದ್ದೆಂದೂ ತೀರ್ಮಾನಿಸಿದೆ. ಕೈಯಿಲ್ಲದವರ ಮೇಲೆ ಸಹಿಯ ಹೊಣೆ ಹೊರಿಸುವುದರಲ್ಲಿ ನಮ್ಮವರು ಪಳಗಿದವರು, ತಾವು ಮೊದಲನೆಯವರಲ್ಲ.

ಹೀಗಾಗಿ ತಮ್ಮಲ್ಲಿ ಪ್ರಾರ್ಥನೆ. ತಾವು ದಯಮಾಡಿ ಕಚೇರಿಯ ವೇಳೆಯಲ್ಲಿ ಖುದ್ದಾಗಿ ಬರಬೇಕು. ಬರುವಾಗ ಗುರುತಿನ ಚೀಟಿ ತರಬೇಕು, ಗುರುತು ಹಿಡಿಯುವವರ ಗುರುತು ಯಾರಿಗೂ ಇಲ್ಲ ಎಂದು ಕಾವಲುಗಾರ ಹೇಳುತ್ತಾನೆ. ಚಿಕ್ಕಮ್ಮನ ಎದುರು ನಿಂತು ತಪ್ಪಾಯಿತು ಎನ್ನಬೇಕು, ಶೇಕಡಾ ಎಷ್ಟು ಎಂದು ಹೇಳಬಾರದು, ಪೂರ್ತಿ ಹೇಳಬೇಕು. ಆಮೇಲೆ ಅವರ ಜೊತೆ ಆ ಎರಡು ಮನೆಗಳಿಗೂ ನಡೆದು ಹೋಗಬೇಕು. ಹೋಗುವ ದಾರಿಯಲ್ಲಿ ಸಿಕ್ಕ ಯಾವ ಗಿಡದ ಹೆಸರನ್ನೂ ಹೇಳಬಾರದು. ಕಾಲಿಲ್ಲ ಎಂಬುದು ತಮ್ಮ ತಕರಾರಾದರೆ, ನಮ್ಮ ಇಲಾಖೆಯ ಎಷ್ಟೋ ಯೋಜನೆಗಳು ಕಾಲಿಲ್ಲದೆಯೇ ಹತ್ತು ವರ್ಷದಿಂದ ‘ಪ್ರಗತಿಯಲ್ಲಿವೆ’ ಎಂಬುದನ್ನು ನೆನಪಿಸಲು ಇಚ್ಛಿಸುತ್ತೇನೆ.

ಗಿಡದ ಚಿಂತೆ ತಮಗೆ ಬೇಡ. ಅದಕ್ಕೆ ಹೆಸರಿಲ್ಲದಿದ್ದರೆ ತೆರವು ಎಂಬ ಸುತ್ತೋಲೆ ಇನ್ನೂ ಜಾರಿಯಲ್ಲಿದೆಯಲ್ಲ, ಅದಕ್ಕೆ ಪಟ್ಟಿ ಗುಮಾಸ್ತರು ತಮ್ಮನ್ನು ಜೇಬಿನೊಳಗೇ ಬಿಟ್ಟು, ನೇರವಾಗಿ ನನ್ನನ್ನು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಅವರು ಹೆಸರಿನ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ಬರೆದುಕೊಂಡರು. ಕಟ್ಟಡಾಧಿಕಾರಿಗಳು ಅದನ್ನು ಓದಿ, ಹೆಸರು ಸ್ವಲ್ಪ ಅಪರೂಪದ್ದು ಎಂದು ತಲೆದೂಗಿ, ಅನುಮೋದಿಸಿದ್ದಾರೆ. ಈಗ ಮಗ್ಗಿನ ಮೇಲೆ ‘ಗೊತ್ತಿಲ್ಲ, ಒಂದು’ ಎಂಬ ಚೀಟಿಯಿದೆ, ಮೇಡಂ ಅವರ ಮೇಜಿನ ಮೇಲೆ ‘ಗೊತ್ತಿಲ್ಲ, ಎರಡು’. ಈ ಒಂದು ಪದ ತಮ್ಮ ಭಂಡಾರದಲ್ಲಿ ಇಲ್ಲದಿದ್ದರೆ ನಮ್ಮ ಕಚೇರಿಯಿಂದ ಎಷ್ಟು ಬೇಕಾದರೂ ಒಯ್ಯಬಹುದು.

ನಾಳೆ ಕಳೆದರೆ ಒಂದನೇ ತಾರೀಖು. ತಡಮಾಡದೆ ಬರುತ್ತೀರಿ ಎಂಬ ಭರವಸೆಯಲ್ಲಿ, ಇಷ್ಟೆಲ್ಲ ಆದಮೇಲೂ, ಶೇಕಡಾ ಒಂಬತ್ತರಷ್ಟು,

ತಮ್ಮ ವಿಶ್ವಾಸಿ,
ದೂರು ವಿಭಾಗದ ಗುಮಾಸ್ತ

ಮರೆತ ಮಾತು: ಈ ಪತ್ರವನ್ನು ಫಲಕಕ್ಕೆ ಅಂಟಿಸಿ ಅರ್ಧ ದಿನವಾಗಿಲ್ಲ, ಮೇಡಂ ಇದರ ಮುಂದೆ ನಿಂತು ಪೂರ್ತಿ ಓದಿದರು. ಈ ಸಲ ನಿಧಾನವಾಗಿ ಓದಿದರು. ಮಧ್ಯಾಹ್ನ ಟೈಪ್ ಮಾಡಿಸಿದ ಒಂದು ಹಾಳೆ ಹಿಡಿದು ತಾವೇ ಗೇಟಿಗೆ ಇಳಿದು ಬಂದರು. ‘ಅನನುಕೂಲಕ್ಕಾಗಿ ವಿಷಾದಿಸಲಾಗಿದೆ’ ಎಂದಿತ್ತು. ಚಿಕ್ಕಮ್ಮ ಬೆರಳಿಟ್ಟು ಓದಿ, ‘ವಿಷಾದ ಅನ್ನೋದು ಯಾರಾದ್ರೂ ತೀರಿಕೊಂಡಾಗ ಹಾಕೋದು ತಾಯಿ, ನಾನು ಇಲ್ಲೇ ನಿಂತಿದ್ದೀನಲ್ಲ. ಮತ್ತೆ ವಿಷಾದಿಸಿದ್ದು ಯಾರು ಅಂತಾನೂ ಇಲ್ಲ ಇದರಲ್ಲಿ’ ಎಂದು ಹಾಳೆ ತಿರುಗಿಸಿ ಖಾಲಿ ಮಗ್ಗುಲನ್ನು ಮೇಲೆ ಮಾಡಿ ಕೊಟ್ಟರು. ಮೇಡಂ ಅದನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು ಕೈಯಾರೆ ಬರೆದರು: ‘ನಾನು ತಪ್ಪಾಗಿ ಓದಿದೆ.’ ಕೆಳಗೆ ಸಹಿ. ಆದ್ದರಿಂದ ತಾವು ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ; ಮನುಷ್ಯರಿಂದಲೇ ಆಯಿತು, ಮೂರು ಪದಕ್ಕೆ ಮೂರೂವರೆ ವಾರ ಹಿಡಿಯಿತು, ಅಷ್ಟೇ. ಚಿಕ್ಕಮ್ಮ ಹಾಳೆಯನ್ನು ನಾಲ್ಕಾಗಿ ಮಡಿಸಿ, ‘ಇದನ್ನ ಮೊದಲು ಎರಡೂ ಮನೆಗೆ ತೋರಿಸಿ ಬರ್ತೀನಿ. ನಿಮ್ಮ ನೆಲ ನಾಳೆ ಒರೆಸ್ತೀನಿ, ಅಲ್ಲೀ ತನಕ ಕಾಲೆತ್ತಿ ಕೂತ್ಕೊಳ್ಳಿ ಎಲ್ರೂ’ ಎಂದು ಹೇಳಿ ಹೊರಟರು.